ಧಾಬಳಿ ಚೀಲದ ಫೋನು

ನಾಗಲದಿನ್ನೆಯಲ್ಲಿ ಶ್ರಾದ್ಧದ ಅಡುಗೆ ಇರುವ ದಿನ, ಮಧ್ಯಾಹ್ನಕ್ಕೆ ಮೊದಲು ನನ್ನ ಫೋನು ಒಮ್ಮೆ ರಿಂಗಾಗಬೇಕು. ನಾನು ಎತ್ತಿದರೂ ಆ ಕಡೆಯಿಂದ ಮಾತು ಬರುವುದು ಕಡಿಮೆ. ಒಗ್ಗರಣೆಯ ಸದ್ದು, ಸೌಟು ಪಾತ್ರೆಗೆ ತಾಗಿದ ಸದ್ದು, ಅಷ್ಟೇ. ಅಷ್ಟು ಕೇಳಿದರೆ ಅತ್ತಿಗೆ ಒಲೆಯ ಮೇಲೆ ಅನ್ನಕ್ಕೆ ಇಟ್ಟಿದ್ದಾರೆ, ಆರಾಮಾಗಿದ್ದಾರೆ ಎಂದು ಅರ್ಥ. ರಿಂಗಾಗದಿದ್ದರೆ ಏನು ಅರ್ಥ ಎಂಬುದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.

ಅಣ್ಣ ಪುರೋಹಿತ. ಆದೋನಿಯಿಂದ, ಎಮ್ಮಿಗನೂರಿನಿಂದ, ಬೆಳಗಲ್ಲಿನ ಕಡೆಯಿಂದಲೂ ಜನ ಹಿರಿಯರ ತಿಥಿ ಮಾಡಲು ಅವನನ್ನು ಹುಡುಕಿಕೊಂಡು ಬರುತ್ತಾರೆ. ತುಂಗಭದ್ರೆಯ ದಂಡೆಯ ಮೇಲೆ ಕರ್ಮ, ಅಣ್ಣನ ಮನೆಯಲ್ಲಿ ಊಟ. ಆ ಅಡುಗೆಯನ್ನು ಅತ್ತಿಗೆ ಮಡಿಯಲ್ಲಿ ಮಾಡುತ್ತಾರೆ. ಬೆಳಿಗ್ಗೆ ಕಾಫಿ ಕುಡಿದು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಸ್ನಾನ ಮಾಡಿ, ಗಳದ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ತೆಗೆದು ಉಟ್ಟು ಒಳಗೆ ಹೋದರೆ, ಬ್ರಾಹ್ಮಣರು ಉಂಡು ಎದ್ದ ಮೇಲೆಯೇ ಅವರ ಬಾಯಿಗೆ ಏನಾದರೂ ಬೀಳುವುದು. ಉಳಿದವರೆಲ್ಲ ಹೊಳೆಯ ಹತ್ತಿರ ಇರುವುದರಿಂದ ಅಷ್ಟು ಹೊತ್ತೂ ಮನೆಯಲ್ಲಿ ಅವರೊಬ್ಬರೇ.

ಒಮ್ಮೆ ಸಕ್ಕರೆ ಇಳಿದು, ವಡೆ ಕರಿಯುವ ಬಾಣಲೆಯ ಪಕ್ಕದಲ್ಲೇ ಕುಸಿದರು. ಎಣ್ಣೆ ಮೈಮೇಲೆ ಬೀಳಲಿಲ್ಲ. ಮಾತ್ರೆ ತೆಗೆದುಕೊಂಡು ಹೊಟ್ಟೆ ಖಾಲಿ ಬಿಡಬಾರದು, ಹಾಗೆ ಬಿಟ್ಟರೆ ಒಂದು ದಿನ ಎಚ್ಚರವೇ ಆಗುವುದಿಲ್ಲ ಎಂದು ಆದೋನಿಯ ಡಾಕ್ಟರು ಹೇಳಿದರು. ಅತ್ತಿಗೆ ತಲೆಯಾಡಿಸಿ ಬಂದು, ಮುಂದಿನ ತಿಥಿಗೆ ಎಂದಿನಂತೆ ಉಪವಾಸವಿದ್ದೇ ಅಡುಗೆ ಮಾಡಿದರು. ಅಣ್ಣನಿಗೆ ಹೇಳಿ ನೋಡಿದೆ. "ಆಕಿಗೆ ನಾ ಹೇಳಂಗಿಲ್ಲ, ನೀ ಹೇಳು" ಎಂದ. ನಾನು ಹೇಳಿದೆ. ಅವರು ನನಗೂ ತಲೆಯಾಡಿಸಿದರು.

ಹೀಗಾಗಿ ಫೋನಿನ ಉಪಾಯ ಹುಟ್ಟಿತು. ಪಕ್ಕದ ಗುಂಡಿಯನ್ನು ಬಿಡದೆ ಪಟಪಟ ಒತ್ತಿದರೆ, ಮೊದಲೇ ಗೊತ್ತುಮಾಡಿಟ್ಟ ನಂಬರಿಗೆ ತಾನಾಗಿ ಕರೆ ಹೋಗುವ ಸೌಲಭ್ಯ ಈಗ ಹೆಚ್ಚಿನ ಫೋನುಗಳಲ್ಲಿದೆ. ಅನ್ನಕ್ಕೆ ಇಟ್ಟಾಗ ಒಮ್ಮೆ ಒತ್ತಲಿ, ತಲೆ ತಿರುಗಿದರೆ ಮತ್ತೆ ಒತ್ತಲಿ. ಎರಡನೆಯ ಕರೆ ಬಂದರೆ ನಾನು ಪಕ್ಕದ ಮನೆಗೆ ಫೋನು ಮಾಡುತ್ತೇನೆ ಎಂದು ಯೋಚಿಸಿದೆ. ಅಡ್ಡ ಬಂದದ್ದು ಒಂದೇ. ಎಲ್ಲರ ಕೈಯಲ್ಲಿ ಓಡಾಡಿದ ಪ್ಲಾಸ್ಟಿಕ್ಕಿನ ವಸ್ತುವನ್ನು ಮಡಿಯಲ್ಲಿ ಮುಟ್ಟುವುದು ಹೇಗೆ?

ಅದಕ್ಕೆ ಪರಿಹಾರ ಹೇಳಿದವನು ಅಣ್ಣ. ಮಡಿಗೆ ಉಡುವ ಉಣ್ಣೆಯ ಬಟ್ಟೆಗೆ ನಮ್ಮಲ್ಲಿ ಧಾಬಳಿ ಎನ್ನುತ್ತಾರೆ. ಹತ್ತಿಬಟ್ಟೆಯ ಹಾಗೆ ಅದನ್ನು ಪ್ರತಿ ಸಲ ಒಗೆದು ಒಣಗಿಸಬೇಕಾಗಿಲ್ಲ.

"ಉಣ್ಣೀಗೆ ಮೈಲಿಗಿ ಇಲ್ಲ. ಧಾಬಳಿ ಚೀಲದಾಗ ಹಾಕಿ ಮೊಳೀಗೆ ಜೋತುಬಿಟ್ರ, ಚೀಲದ ಮ್ಯಾಲಿಂದ ಗುಂಡಿ ಒತ್ತಬಹುದು" ಎಂದ.

"ಆ ಕಡಿಂದ ಮಾತಾಡೋರೂ ಮಡಿಯಾಗ ಇರಬೇಕೇನು?" ಎಂದು ಅತ್ತಿಗೆ ಕೇಳಿದರು.

"ನಿನ್ನ ಮೈದುನ ಹುಟ್ಟಿದಾಗಿಂದ ಒಂದಿನಾನೂ ಮಡಿಯಾಗಿಲ್ಲ. ಅದನ್ನ ನೋಡಕೋತ ಕೂತ್ರ ಯಾವ ಕಂಪನಿ ಫೋನೂ ನಡ್ಯಂಗಿಲ್ಲ."

ಹಳೆಯ ಧಾಬಳಿಯ ತುಂಡಿನಿಂದ ಅತ್ತಿಗೆ ಚೀಲ ಹೊಲಿದರು. ಎರಡು ಪದರು, ಬಾಯಿಗೆ ದಾರ. ಒಲೆಯ ಪಕ್ಕದ ಗೋಡೆಯಲ್ಲಿ, ಕೂತರೂ ಕೈಗೆ ಎಟಕುವಷ್ಟು ಕೆಳಗೆ, ಒಂದು ಮೊಳೆ. ಈ ಚೀಲ ಮೊದಲನೆಯ ಫೋನಿಗೇ ಬಂತೋ ಆಮೇಲೆ ಕೊಂಡ ಎರಡನೆಯದಕ್ಕೋ ಎಂಬುದರ ಮೇಲೆ ಮುಂದಿನದು ಬಹಳಷ್ಟು ನಿಂತಿದೆ. ಮೇಲೆ ಬರೆದ ಮಾತುಕತೆ ಮೊದಲನೆಯ ಫೋನು ತಂದ ದಿನವೇ ನಡೆಯಿತು ಎಂದು ನನ್ನ ನೆನಪು. ಆದರೆ ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆದೋನಿಯ ಪೇಟೆಯಲ್ಲಿ ಎದುರುಬದುರು ಎರಡು ಮೊಬೈಲ್ ಅಂಗಡಿಗಳಿವೆ. ಒಂದರ ಬೋರ್ಡು, ಗಾಜು, ಶಟರು ಎಲ್ಲದಕ್ಕೂ ಒಂದು ಕಂಪನಿಯ ಬಣ್ಣ. ಇನ್ನೊಂದಕ್ಕೆ ಅದರ ಎದುರಾಳಿಯ ಬಣ್ಣ. ಮಾಲೀಕರಿಬ್ಬರೂ ಷಡ್ಡಕರು, ಅಕ್ಕತಂಗಿಯರನ್ನು ಮದುವೆಯಾದವರು. ಮಧ್ಯಾಹ್ನ ಇಬ್ಬರಿಗೂ ಒಂದೇ ಮನೆಯಿಂದ ಬುತ್ತಿ ಬರುತ್ತದೆ, ಕೂಡಿಯೇ ಉಣ್ಣುತ್ತಾರೆ. ಕೈ ತೊಳೆದ ಮೇಲೆ ಮತ್ತೆ ಎದುರಾಳಿಗಳು. ಮೊದಲನೆಯವನು ನನ್ನ ಕಣ್ಣೆದುರಿಗೇ ಒಂದು ಫೋನನ್ನು ಗಾಜಿನ ಬೋಗುಣಿಯ ನೀರಿನಲ್ಲಿ ಮುಳುಗಿಸಿ, ತೆಗೆದು, ಅಂಗಿಗೆ ಒರೆಸಿ ಮಾತಾಡಿ ತೋರಿಸಿದ.

"ನೋಡ್ರಿ ಸಾರ್, ಇದಕ್ಕ ಏನೂ ಆಗಂಗಿಲ್ಲ. ಎದುರಿಂದು ಐತಲ್ರಿ, ಎಂಡಾಕಾಲದ ಬಿಸಿಲಾಗ ಕಾದು ಕೈಯಾಗ ಹಿಡಿಯಾಕ ಬರಂಗಿಲ್ಲ. ನಮ್ಮ ಷಡ್ಡಕ ಮನುಷ್ಯ ಭಾಳ ಚಲೋ ಅದಾನ, ಕಂಪನಿ ಚಲೋದಲ್ಲ."

ನಾನು ಆದೋನಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಒಂದೆರಡು ಉದಾಹರಣೆ ನೋಡಿ ತೀರ್ಮಾನಕ್ಕೆ ಬರಬೇಡ ಎಂಬುದೇ ವಿಶ್ವವಿದ್ಯಾಲಯದಿಂದ ನಾನು ತಂದ ಪದವಿ. ಕೊಳ್ಳುವ ಮೊದಲು ವಾರಗಟ್ಟಲೆ ಕಂಡಕಂಡವರ ಅಭಿಪ್ರಾಯಗಳನ್ನು ಓದಿದೆ. ಒಂದೇ ಫೋನನ್ನು ಒಬ್ಬ ದೇವರು ಎನ್ನುತ್ತಾನೆ, ಅದರ ಕೆಳಗೆ ಇನ್ನೊಬ್ಬ ಇಟ್ಟಿಗೆ ಎನ್ನುತ್ತಾನೆ. ಕೊನೆಗೆ ಬೋಗುಣಿಯ ನೀರನ್ನು ನಂಬಿ ಮೊದಲನೆಯ ಕಂಪನಿಯ ಫೋನು ಕೊಂಡೆ. ಅಡುಗೆಮನೆಯಲ್ಲಿ ನೀರು ಬೀಳಬಹುದಲ್ಲ ಎಂದುಕೊಂಡೆ.

ಅದು ಚಳಿಗಾಲವೆಲ್ಲ ಚೆನ್ನಾಗಿ ನಡೆಯಿತು. ಬಿಸಿಲು ಏರಿದ ಮೇಲೆ ತಾನಾಗಿ ಆಫ್ ಆಗತೊಡಗಿತು. ತಿಥಿಯ ದಿನ ಕರೆ ಬರುವುದಿಲ್ಲ. ಸಂಜೆ ಅಣ್ಣ ಆನ್ ಮಾಡಿದರೆ ಸರಿಯಾಗಿಯೇ ಇರುತ್ತದೆ. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆ. ಒಳಗೆ ಎ.ಸಿ. ಇತ್ತು. ಅಲ್ಲಿ ದಿನವಿಡೀ ಇಟ್ಟುಕೊಂಡು, ಏನೂ ದೋಷವಿಲ್ಲ, ಹೊಸ ಸಾಫ್ಟ್‌ವೇರ್ ಹಾಕಿದ್ದೇವೆ ಎಂದು ಕೊಟ್ಟರು. ಮುಂದಿನ ತಿಥಿಗೆ ಮತ್ತೆ ಅದೇ ಕಥೆ. ಇದನ್ನೆಲ್ಲ ಎದುರಂಗಡಿಯವನು ತನ್ನ ಗಾಜಿನ ಹಿಂದಿನಿಂದ ನೋಡುತ್ತಿದ್ದನೆಂದು ಕಾಣುತ್ತದೆ. ನಾನು ರಸ್ತೆ ದಾಟುವ ಮೊದಲೇ ಕುರ್ಚಿ ಒರೆಸಿ ಇಟ್ಟಿದ್ದ. ಷಡ್ಡಕನ ಮೇಲೆ ಅವನೂ ಒಂದು ಕೆಟ್ಟ ಮಾತಾಡಲಿಲ್ಲ, ಕಂಪನಿಯ ಮೇಲೆ ಮಾತ್ರ ಆಡಿ, ತನ್ನ ಕಂಪನಿಯ ಫೋನು ಮಾರಿದ.

ಅಣ್ಣನಿಗೆ ಇದು ಸರಿಬರಲಿಲ್ಲ. ಒಂದು ಕಂಪನಿ ಹಿಡಿದ ಮೇಲೆ ಬಿಡಬಾರದು ಎಂಬುದು ಅವನ ನಿಲುವು. "ಗಳಿಗಿಗೊಂದು ಮಠ ಬದಲಿ ಮಾಡಿದಂಗ ಮಾಡಬ್ಯಾಡ" ಎಂದ. ಎರಡನೆಯ ಫೋನು ಮುಂದಿನ ಬೇಸಿಗೆಯಲ್ಲಿ ಗುಂಡಿ ಒತ್ತಿದರೂ ಕರೆ ಮಾಡದೆ ಸುಮ್ಮನಿರತೊಡಗಿದಾಗ ಅವನಿಗೆ ಒಳಗೊಳಗೇ ಸಂತೋಷವಾಯಿತು. ಬೇರೊಂದು ಕಂಪನಿಯ ಮೂರನೆಯದನ್ನು ತಂದೆ. ಅತ್ತಿಗೆ ಮೂರಕ್ಕೂ ಸೊಸೆಯರೆಂದು ಹೆಸರಿಟ್ಟಿದ್ದರು. ಅವರಿಗೆ ಗಂಡುಮಕ್ಕಳಿಲ್ಲ, ಒಬ್ಬಳೇ ಮಗಳು, ರಾಯಚೂರಿಗೆ ಕೊಟ್ಟಿದ್ದಾರೆ.

"ಹಿರಿ ಸೊಸಿಗೆ ಮಧ್ಯಾಹ್ನಾದ್ರ ನಿದ್ದಿ. ನಡುವಿನಾಕಿ ಕರದ್ರ ಓಗೊಡಂಗಿಲ್ಲ. ಸಣ್ಣಾಕಿ ಹೊಟ್ಟಿ ಉಬ್ಬ್ಯಾಳ, ಬಸುರೇನೋ ನೋಡು ತಮ್ಮಾ" ಎಂದರು. ಮೂರನೆಯ ಫೋನಿನ ಬ್ಯಾಟರಿ ಊದಿ, ಹಿಂಬದಿಯ ಮುಚ್ಚಳ ಎದ್ದು ನಿಂತಿತ್ತು. ಅವರ ಜೊತೆ ನಾನೂ ನಕ್ಕೆ.

ಸರ್ವಿಸ್ ಸೆಂಟರಿನಲ್ಲಿ ಊದಿದ ಬ್ಯಾಟರಿ ಬದಲಾಯಿಸಿ ಕೊಟ್ಟರು. ಆದರೂ ಒಂದು ಸಂಶಯ ಬಂದು ಕೂತಿತು. ಮೂರು ಕಂಪನಿ, ಮೂರು ಬಗೆಯ ಕೇಡು, ಎಲ್ಲವೂ ಒಂದೇ ಮನೆಯಲ್ಲಿ. ತರಗತಿಯಲ್ಲಾದರೆ, ಮೂರಕ್ಕೂ ಸಮಾನವಾದದ್ದು ಏನು ಎಂದು ಮೊದಲು ಕೇಳಬೇಕೆಂದು ಹುಡುಗರಿಗೆ ಹೇಳುತ್ತಿದ್ದೆ. ಮನೆಯ ವಿಷಯದಲ್ಲಿ ನಾನು ಕೇಳಿದ್ದು, ನಾಲ್ಕನೆಯ ಕಂಪನಿ ಯಾವುದು ಎಂದು. ಚೀಲ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಮಡಿಯಲ್ಲಿಲ್ಲದವನು ಆ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ನನ್ನ ಕೈಗೆ ಫೋನು ಬರುವಾಗ ಚೀಲದಿಂದ ಹೊರಗೆ ತೆಗೆದೇ ಕೊಡುತ್ತಿದ್ದರು. ಚೀಲ ಮಡಿಬಟ್ಟೆಗಳ ಜೊತೆ ಗಳದ ಮೇಲೆ ಉಳಿಯುತ್ತಿತ್ತು. ಸರ್ವಿಸ್ ಸೆಂಟರಿನವರೂ ಬರಿಯ ಫೋನನ್ನೇ ನೋಡಿದರು.

ಬ್ಯಾಟರಿ ಬದಲಾಯಿಸಿದ ಮೇಲೆ ಬಂದ ಒಂದು ತಿಥಿಯ ದಿನ ಬಿಸಿಲು ಬಹಳವಿತ್ತು. ಅದರಲ್ಲಿ ಸಂಶಯವಿಲ್ಲ, ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಾಗಿ ನಡೆಯುತ್ತಿದ್ದ ವಾದ ನೆನಪಿದೆ. ಅನ್ನಕ್ಕಿಡುವ ಹೊತ್ತು ಬಂತು, ಕಳೆಯಿತು. ನನ್ನ ಫೋನು ರಿಂಗಾಗಲಿಲ್ಲ. ನಾನೇ ಮಾಡಿದೆ. ಆ ನಂಬರು ಸ್ವಿಚ್ ಆಫ್ ಆಗಿದೆ ಎಂದು ತೆಲುಗಿನಲ್ಲಿ ಒಬ್ಬ ಹೆಂಗಸು ಸಮಾಧಾನದಿಂದ ಹೇಳಿದಳು. ಅಣ್ಣನ ಫೋನು ರಿಂಗಾಯಿತು, ಎತ್ತಲಿಲ್ಲ. ಅದು ಹೊಳೆಯ ದಂಡೆಯ ಮೇಲೆ ಅವನ ಚೀಲದಲ್ಲಿರುತ್ತದೆ, ಪಿಂಡ ಹಾಕುವಾಗ ಯಾರು ಎತ್ತುತ್ತಾರೆ? ಪಕ್ಕದ ಮನೆಯವರೂ ಎತ್ತಲಿಲ್ಲ. ಬೈಕು ತೆಗೆದುಕೊಂಡು ಹೊರಟೆ. ಎಮ್ಮಿಗನೂರಿನಲ್ಲಿ ಪೆಟ್ರೋಲು ಹಾಕಿಸಿದೆ ಎಂದು ನನಗೆ ಸ್ಪಷ್ಟ ನೆನಪು. ಆದರೆ ಮರುದಿನ ನೋಡಿದರೆ ಟ್ಯಾಂಕು ಬರಿದಾಗಿತ್ತು. ದಾರಿಯುದ್ದಕ್ಕೂ ಅದು ಕಂಪನಿಯ ತಪ್ಪು, ಅದು ಕಂಪನಿಯ ತಪ್ಪು ಎಂದು ಹೇಳಿಕೊಳ್ಳುತ್ತಿದ್ದೆ. ಇದು ಮಾತ್ರ ನಿಜ.

ಅಣ್ಣನ ಮನೆಯ ಹಿತ್ತಲ ಬಾಗಿಲಲ್ಲಿ ಪಕ್ಕದ ಮನೆಯ ಹೆಂಗಸು ನಿಂತಿದ್ದಳು. ಹೊಲದ ಕೂಲಿಗೆ ಹೋಗುವಾಕೆ. ತಿಥಿಯ ದಿನ ಬಾಳೆಎಲೆ ತಂದುಕೊಟ್ಟು ಹೋಗುತ್ತಾಳೆ. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ನಾ ಒಳಗ ಹೋಗೇನಿರಿ ಸಾರ್. ಎಲಿ ಇಡಾಕ ಬಂದ್ರ, ಅಮ್ಮಾರು ಗ್ವಾಡಿಗೆ ಆತು ಕುಂತಿದ್ರು, ಮೈಯೆಲ್ಲ ಬೆವರು. ಆ ಚೀಲ ಕೈಯಾಗ ಹಿಡ್ಕಂಡು ಒತ್ತತಾ ಇದ್ರು, ಒತ್ತತಾ ಇದ್ರು. ಕರದ್ರ ಮಾತಿಲ್ಲ. ಡಬ್ಬಿ ಹುಡುಕಿ ಬಾಯಾಗ ಸಕ್ರಿ ಹಾಕೇನಿ. ತಪ್ಪಾಗೈತೇನೋ."

ತಪ್ಪಿಲ್ಲ ಎಂದೆ. ಕೈಮುಗಿಯಬೇಕೆಂದುಕೊಂಡೆ, ಮುಗಿದೆನೋ ಇಲ್ಲವೋ. ಒಳಗೆ ಇಣುಕಿದರೆ, ಅತ್ತಿಗೆ ಮತ್ತೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಒಲೆಯ ಮುಂದೆ ನಿಂತಿದ್ದರು. ಹೊರಗಿನವರು ಒಳಗೆ ಬಂದದ್ದರಿಂದ ಮೊದಲಿನ ಅಡುಗೆ ಮಡಿಗೆ ಸಲ್ಲದು. ಅದನ್ನೆಲ್ಲ ಬೇರೆ ಪಾತ್ರೆಗೆ ಬಗ್ಗಿಸಿ ಹೊರಗಿಟ್ಟು, ಬೇಳೆಯಿಂದ ಶುರುಮಾಡಿದ್ದರು. ನಡುನಡುವೆ ಗೋಡೆ ಹಿಡಿದುಕೊಳ್ಳುತ್ತಿದ್ದರು.

"ಅತ್ತಿಗಿ, ಬಂದು ಕೂಡ್ರಿ" ಎಂದೆ.

"ಹೊಸ್ತಿಲ ದಾಟಬ್ಯಾಡ ತಮ್ಮಾ. ಮತ್ತ ಮೂರನೇ ಸಲ ಮಾಡೋ ಶಕ್ತಿ ಇಲ್ಲ."

ನಾನು ಹೊಸ್ತಿಲ ಹೊರಗೆ ನಿಂತೆ. ಒಳಗೆ ಹೋಗಿ ಕೈಹಿಡಿದು ಕೂರಿಸಬಹುದಿತ್ತು. ಹಾಗೆ ಮಾಡಿದರೆ ಅವರು ಮೂರನೆಯ ಸಲ ಸ್ನಾನ ಮಾಡಿ ಮೊದಲಿನಿಂದ ಶುರುಮಾಡುತ್ತಿದ್ದರು. ನಾನು ಸುಮ್ಮನಿದ್ದರೆ ಊಟ ಬೇಗ ಮುಗಿಯುತ್ತದೆ, ಅವರೂ ಬೇಗ ಉಣ್ಣುತ್ತಾರೆ. ಅವರಿಗೆ ನಾನು ಮಾಡಬಹುದಾದ ಸಹಾಯ ಅದೊಂದೇ ಆಗಿತ್ತು. ಹೊಳೆಯ ಕಡೆಯಿಂದ ಜನ ಬಂದರು, ತಡವಾಯಿತೆಂದು ಯಾರೋ ಗೊಣಗಿದರು. ಉಂಡರು, ವಡೆ ಚೆನ್ನಾಗಿದೆ ಎಂದರು.

ಮೈಲಿಗೆಯಾದ ಬಟ್ಟೆಯ ರಾಶಿ ಹಿತ್ತಲ ಒಗೆಯುವ ಕಲ್ಲಿನ ಮೇಲಿತ್ತು. ಗಡಿಬಿಡಿಯಲ್ಲಿ ಆ ಚೀಲವೂ ಅದರಲ್ಲಿ ಸೇರಿಕೊಂಡಿತ್ತು, ಫೋನು ಇನ್ನೂ ಒಳಗೇ. ದಾರ ಬಿಚ್ಚಿ ಕೈ ಹಾಕಿದವನು ಸುಟ್ಟುಕೊಂಡವನಂತೆ ಹೊರಗೆ ತೆಗೆದೆ. ಉಣ್ಣೆ, ಎರಡು ಪದರು, ಒಲೆಯ ಪಕ್ಕದ ಗೋಡೆ, ಈ ಊರಿನ ಬೇಸಿಗೆ. ಮೂರು ಕಂಪನಿಗಳಿಗೂ ಸಮಾನವಾದದ್ದು ನನ್ನ ಕೈಯಲ್ಲಿತ್ತು. ಮರುಗಳಿಗೆಯೇ ಇನ್ನೊಂದು ಯೋಚನೆ: ಕಲ್ಲಿನ ಮೇಲೆ ಬಿಸಿಲಿನಲ್ಲಿ ಬಿದ್ದ ಯಾವ ಫೋನು ತಾನೇ ಬಿಸಿಯಾಗದು? ನನಗೆ ಸಿಕ್ಕ ಸಾಕ್ಷಿಯೂ ಇಂಥದೇ.

ಮುಂದಿನ ತಿಥಿಯ ದಿನ ರಜೆ ಹಾಕಿ ಹೋದೆ. ನನ್ನದೇ ಫೋನನ್ನು ಚೀಲಕ್ಕೆ ಹಾಕಿಸಿ ಅದೇ ಮೊಳೆಗೆ ತೂಗುಹಾಕಿಸಿ, ಪಡಸಾಲೆಯಲ್ಲಿ ಕೂತೆ. ವಡೆಯ ಹೊತ್ತಿಗೆ ತೆಗೆಸಿ ನೋಡಿದರೆ, ಫೋನು ಅತಿಯಾಗಿ ಬಿಸಿಯಾಗಿದೆ, ತಣ್ಣಗಾಗುವವರೆಗೆ ಬಳಸುವಂತಿಲ್ಲ ಎಂಬ ಸೂಚನೆ. ಅಣ್ಣ ಹೊಳೆಯಿಂದ ಬಂದ ಕೂಡಲೇ, ಪ್ರಯೋಗ ಸರಿಬಂದ ವಿದ್ಯಾರ್ಥಿಯಂತೆ ಅವನಿಗೆ ಹೇಳಿದೆ.

"ಹಂಗಾದ್ರ ನಮ್ಮ ಮೊದಲಿನ ಕಂಪನಿ ಚಲೋನ ಇತ್ತು" ಎಂದ ಅವನು.

"ಮೊದಲನೇದಕ್ಕ ಚೀಲ ಇದ್ದಿಲ್ಲ," ಎಂದು ಅತ್ತಿಗೆ ಒಳಗಿನಿಂದಲೇ ಹೇಳಿದರು. "ಆವಾಗ ನನ್ನ ಹಳೀ ಧಾಬಳಿ ಹರದಿದ್ದಿಲ್ಲ. ಹಿರಿ ಸೊಸೀನ್ನ ಪಾತ್ರಿ ಗೂಡಿನಾಗ ಇಟ್ಟು ಕೋಲಿಲೆ ಒತ್ತತಿದ್ದೆ."

"ಕೋಲಿಲೆ? ಯಾವಾಗ? ಚೀಲ ಮೊದಲಿಂದ ಅದ" ಎಂದ ಅಣ್ಣ.

ಇಬ್ಬರೂ ನನ್ನ ಕಡೆ ನೋಡಿದರು, ಓದಿದವನು ಹೇಳಲಿ ಎಂಬಂತೆ. ಚೀಲ ಮೊದಲಿನಿಂದ ಇತ್ತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆ ಕೋಲಿನ ತುದಿಯಿಂದ ಗೂಡಿನೊಳಗಿನ ಫೋನನ್ನು ಕುಟ್ಟುತ್ತಿರುವ ಚಿತ್ರವೂ ಕಣ್ಣೆದುರು ಬಂತು. ಅದು ಆಗಲೇ ಇದ್ದ ನೆನಪೋ, ಅವರು ಹೇಳಿದ ಮೇಲೆ ಹುಟ್ಟಿದ್ದೋ, ಬೇರೆ ಮಾಡಲಾಗಲಿಲ್ಲ. ನಾನಂತೂ ಆ ಹೊಸ್ತಿಲು ದಾಟಿದವನಲ್ಲ. ಮೊಳೆಯನ್ನೂ ಗೂಡನ್ನೂ ಎಲ್ಲಿಂದ ನೋಡಿದೆ? ಚೀಲ ಮೊದಲಿನಿಂದ ಇದ್ದರೆ ಕಂಪನಿಗಳೆಲ್ಲ ನಿರಪರಾಧಿಗಳು. ಇಲ್ಲದಿದ್ದರೆ ಮೊದಲನೆಯದು ತನ್ನ ದೋಷದಿಂದಲೇ ಕೆಟ್ಟದ್ದು; ಚೀಲ ತೆಗೆದರೂ ನಂಬುವಂತಿಲ್ಲ. ಗೊತ್ತಿಲ್ಲ ಎಂದೆ. ಅಣ್ಣ ನಕ್ಕ. ಅತ್ತಿಗೆ ನಗಲಿಲ್ಲ.

ಗೊತ್ತಾಗಿದ್ದರೂ ಏನು ಮಾಡಬಹುದಿತ್ತೋ. ಚೀಲ ತೆಗೆದರೆ ಫೋನು ಬದುಕುತ್ತದೆ, ಅತ್ತಿಗೆ ಮುಟ್ಟುವುದಿಲ್ಲ. ಚೀಲ ಇದ್ದರೆ ಮುಟ್ಟುತ್ತಾರೆ, ಫೋನು ಸಾಯುತ್ತದೆ. ದೂರದ ಗೋಡೆಗೆ ತೂಗುಹಾಕಿದರೆ ತಲೆ ತಿರುಗಿದಾಗ ಕೈಗೆ ಸಿಗುವುದಿಲ್ಲ. ಅತ್ತಿಗೆ ಉಂಡ ಮೇಲೆ, ಬಂದವರೆಲ್ಲ ಹೋದ ಮೇಲೆ, ಪಡಸಾಲೆಯಲ್ಲಿ ಕೂತು ಮತ್ತೆ ಕೇಳಿದೆ. ಇನ್ನೇನಿಲ್ಲದಿದ್ದರೂ ಅಡುಗೆ ಮಾಡುವಾಗ ಬಾಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಳ್ಳಿ ಎಂದೆ.

"ಬಾಯಾಗ ಬೆಲ್ಲ ಇಟಗೊಂಡು ಸತ್ತವರಿಗೆ ಅಡಗಿ ಮಾಡ್ಲಾ?"

"ಹಂಗಾದ್ರ ಬಿಟ್ಟುಬಿಡ್ರಿ. ಬ್ಯಾರೆ ಯಾರನ್ನಾರ ಕರಸ್ಲಿ."

"ಬಿಡತೀನಿ. ಬಿಟ್ಟು ಏನು ಮಾಡ್ಲಿ? ಫೋನ್ ನೋಡಕೋತ ಕೂಡ್ಲಾ?"

ಅವರ ಕೈಯ ವಡೆ ಎಂದರೆ ಎಮ್ಮಿಗನೂರಿನಲ್ಲೂ ಗೊತ್ತು. ಅವರ ಮನೆಯಲ್ಲಿ ಅವರದೇ ಎಂಬುದು ಆ ಹೊಸ್ತಿಲ ಒಳಗಿನದು ಮಾತ್ರ.

ಕೊನೆಗೆ ಅವರೇ ನನ್ನನ್ನು ಸಮಾಧಾನಪಡಿಸಿದರು. "ಸುಮ್ಮನ ಯಾಕ ಚಿಂತಿ ಮಾಡತಿ? ರಿಂಗ್ ಆತಂದ್ರ ನಾ ಅದೀನಿ ಅಂತ ತಿಳಕೋ. ಆಗ್ಲಿಲ್ಲ ಅಂದ್ರ ಕಂಪನಿ ಚಲೋದಲ್ಲ ಅಂತ ತಿಳಕೋ."

ಈಗಿರುವುದು ನಾಲ್ಕನೆಯ ಫೋನು. ಧಾಬಳಿಯ ಬದಲು ಹಳೆಯ ರೇಷ್ಮೆಯ ಮಡಿಸೀರೆಯ ಚೀಲ, ಒಂದೇ ಪದರು. ರೇಷ್ಮೆಗೂ ಆ ರಿಯಾಯಿತಿ ಇದೆ ಎಂದು ಅಣ್ಣ ಹುಡುಕಿ ಹೇಳಿದ. ಮೊಳೆ ಕಿಟಕಿಯ ಕಡೆಗೆ ಒಂದು ಮೊಳ ಸರಿದಿದೆ. ಮೊದಲಿಗಿಂತ ವಾಸಿ. ಆದರೂ ಕಡುಬೇಸಿಗೆಯಲ್ಲಿ ಕೆಲವು ಸಲ ಕರೆ ಬರುವುದಿಲ್ಲ. ಆಗೆಲ್ಲ ಬಾಳೆಎಲೆಯ ಹೆಂಗಸಿಗೆ ಫೋನು ಮಾಡುತ್ತೇನೆ. ಆಕೆ ಹೊಲದಲ್ಲಿದ್ದರೆ ಎತ್ತುವುದಿಲ್ಲ. ಎರಡು ಸಲ ಬೈಕಿನಲ್ಲಿ ಹೋಗಿದ್ದೇನೆ. ಎರಡು ಸಲವೂ ಅತ್ತಿಗೆ ಸೌಟು ಹಿಡಿದುಕೊಂಡೇ ತಿರುಗಿ ನೋಡಿ, "ಕಂಪನಿದು" ಎಂದು ಮತ್ತೆ ಒಲೆಯ ಕಡೆ ತಿರುಗಿದರು.

ಮೊನ್ನೆ ಪೇಟೆಯಲ್ಲಿ ಷಡ್ಡಕರಿಬ್ಬರೂ ನನ್ನನ್ನು ಕರೆದರು. ಹೊಸ ಮಾಡೆಲ್ಲು ಬಂದಿದೆಯಂತೆ, ಎಂಥ ಬಿಸಿಗೂ ಜಗ್ಗದಂತೆ, ಈ ಸಲ ಕೆಡುವ ಮಾತೇ ಇಲ್ಲವಂತೆ. ನಾನು ನಿಲ್ಲಲಿಲ್ಲ. ಎಂದೂ ಕೆಡದ ಫೋನು ನನಗೆ ಬೇಡ. ಇವತ್ತು ತಿಥಿಯ ದಿನ, ಅನ್ನಕ್ಕಿಡುವ ಹೊತ್ತು ಮೀರಿದೆ, ಮೇಜಿನ ಮೇಲೆ ನನ್ನ ಫೋನು ಸುಮ್ಮನಿದೆ. ಯಾವ ದೇವರಿಗೂ ಏನನ್ನೂ ಕೇಳದ ನಾನು, ಆ ಕಂಪನಿಯದು ಕೆಟ್ಟ ಮಾಲೇ ಆಗಿರಲಿ ಎಂದು ಕೇಳಿಕೊಳ್ಳುತ್ತಾ ಬೈಕಿನ ಕೀಲಿ ಹುಡುಕುತ್ತಿದ್ದೇನೆ.